ಹನ್ನೆರಡು ಕುರ್ಚಿ, ಒಂದು ನಳ್ಳಿ

ಮೊನ್ನೆ ಪವಿತ್ರ ಗುರುವಾರ ಮಧ್ಯಾಹ್ನ ಊಟ ಮುಗಿಸಿ ನಾನು ಬಚ್ಚಲಿಗೆ ಹೋಗಿ ಕಾಲು ತೊಳೆಯಲು ಕೂತೆ. ಸುಮ್ಮನೆ ಎರಡು ಚೆಂಬು ನೀರು ಹೊಯ್ದುಕೊಂಡು ಬರುವುದಲ್ಲ. ಸೋಪು, ಬ್ರಶ್, ಹಿಮ್ಮಡಿ ಉಜ್ಜುವ ಕಲ್ಲು ಎಲ್ಲ ಸಾಲಾಗಿ ಇಟ್ಟುಕೊಂಡಿದ್ದೆ. ಉಗುರು ಬೆಳಿಗ್ಗೆಯೇ ಕತ್ತರಿಸಿ ಆಗಿತ್ತು.

ಎಷ್ಟು ಹೊತ್ತಾದರೂ ನಾನು ಹೊರಗೆ ಬಾರದ್ದನ್ನು ನೋಡಿ ಹೆಂಡತಿ ಲಿಲ್ಲಿ ಬಾಗಿಲು ತಟ್ಟಿದಳು.

"ಒಳಗೆ ಏನು ಮಾಡ್ತಾ ಇದ್ದೀರಿ?"

"ಕಾಲು ತೊಳೀತಾ ಇದ್ದೇನೆ."

"ಯಾಕೆ?"

"ಸಂಜೆ ಫಾದರ್ ನನ್ನ ಕಾಲು ತೊಳೀಲಿಕ್ಕೆ ಉಂಟಲ್ಲ, ಅದಕ್ಕೆ."

ಬಾಗಿಲಿನ ಆಚೆಯಿಂದ ಅವಳು ಕೇಳಿದಳು, "ಹಾಗಾದ್ರೆ ಫಾದರ್ ಏನು ತೊಳೆಯುವುದು?"

ಇಷ್ಟು ವರ್ಷದ ಸಂಸಾರದಲ್ಲಿ ಲಿಲ್ಲಿ ಕೇಳಿದ ಮೊದಲ ಒಳ್ಳೆಯ ಪ್ರಶ್ನೆ ಇದು ಎಂದು ಬರೆಯುವವನಿದ್ದೆ. (ಈ ಅಂಕಣವನ್ನು ಅವಳೂ ಓದುತ್ತಾಳೆ. ಆದ್ದರಿಂದ ಬರೆಯುವುದಿಲ್ಲ.) ಆದರೆ ಆ ಪ್ರಶ್ನೆ ಅಲ್ಲಿಂದ ನನ್ನ ಬೆನ್ನು ಬಿಟ್ಟಿಲ್ಲ.

ಚರ್ಚಿಗೆ ಹೋಗದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ. ಯೇಸು ಕ್ರಿಸ್ತ ಸಾಯುವ ಹಿಂದಿನ ರಾತ್ರಿ ತನ್ನ ಹನ್ನೆರಡು ಮಂದಿ ಶಿಷ್ಯರ ಜೊತೆ ಊಟಕ್ಕೆ ಕೂತಿದ್ದ. ಊಟದ ನಡುವೆ ಎದ್ದು, ಸೊಂಟಕ್ಕೆ ಟವೆಲ್ ಕಟ್ಟಿಕೊಂಡು, ಅವರೆಲ್ಲರ ಕಾಲು ತೊಳೆದ. ಆಳು ಮಾಡುವ ಕೆಲಸವನ್ನು ಗುರು ಮಾಡಿದ. ನೀವೂ ಒಬ್ಬರ ಕಾಲನ್ನು ಇನ್ನೊಬ್ಬರು ಹೀಗೆಯೇ ತೊಳೆಯಬೇಕು ಎಂದ. ಅದರ ನೆನಪಿಗೆ ಈಸ್ಟರ್‌ಗೆ ಮೊದಲು ಬರುವ ಗುರುವಾರದ ಸಂಜೆ, ಪೂಜೆಯ ನಡುವೆ, ಪಾದ್ರಿಗಳು ಹನ್ನೆರಡು ಮಂದಿಯನ್ನು ಎದುರು ಕೂರಿಸಿ ಅವರ ಕಾಲು ತೊಳೆಯುತ್ತಾರೆ. ತೊಳೆಯುವುದು ಬಲಗಾಲು ಮಾತ್ರ. (ನಾನು ಎರಡನ್ನೂ ಉಜ್ಜಿಕೊಂಡಿದ್ದೆ. ಫಾದರ್ ಅಪ್ಪಿತಪ್ಪಿ ಎಡಗಾಲಿಗೆ ಕೈ ಹಾಕಿದರೆ?)

ಈ ಹನ್ನೆರಡು ಮಂದಿ ಯಾರು? ಬಂಟ್ವಾಳದ ಕಡೆಯ ನಮ್ಮ ಸಣ್ಣ ಚರ್ಚಿನಲ್ಲಿ ಅದಕ್ಕೊಂದು ಪದ್ಧತಿ ಇತ್ತು. ನಮ್ಮಲ್ಲಿ ಪ್ರತಿ ವಾರ್ಡಿಗೆ ಒಬ್ಬ ಗುರ್ಕಾರ, ಅಂದರೆ ಮುಖಂಡ, ಇರುತ್ತಾನೆ. ಅವನು ತನ್ನ ವಾರ್ಡಿನಿಂದ ಒಬ್ಬ ಯೋಗ್ಯ ಗಂಡಸನ್ನು ಕಳಿಸಬೇಕು. ಹೆಚ್ಚಿನ ಗುರ್ಕಾರರು ಬಹಳ ಯೋಚನೆ ಮಾಡಿ, ಕೊನೆಗೆ ತಮ್ಮನ್ನೇ ಕಳಿಸಿಕೊಳ್ಳುತ್ತಿದ್ದರು. ಹಾಗಾಗಿ ನಾನು ಪ್ಯಾಂಟು ಹಾಕಲು ಕಲಿತಾಗಿನಿಂದ ಹೆಚ್ಚುಕಡಿಮೆ ಅದೇ ಕಾಲುಗಳನ್ನು ನೋಡುತ್ತಾ ಬಂದಿದ್ದೇನೆ. ಬಿಳಿ ಶರ್ಟು, ಮಡಿಸಿದ ಪ್ಯಾಂಟು, ಪೌಡರ್ ಹಾಕಿದ ಪಾದ. ಒಮ್ಮೆ ಒಬ್ಬರು ತೆಂಗಿನೆಣ್ಣೆ ಹಚ್ಚಿಕೊಂಡು ಬಂದು, ಆಗಿನ ಫಾದರ್ ಕೈಯಿಂದ ಕಾಲು ಜಾರಿ ಬೇಸಿನ್ನಿಗೆ ಬಿದ್ದದ್ದೂ ಉಂಟು.

ಈ ಗಂಡಸರ ಸಾಲಿಗೆ ನಾನು ಸೇರಿದ್ದು ಹೇಗೆ? ಅದಕ್ಕೆ ಕಾರಣ ಡಿಯೋನಾ.

ಡಿಯೋನಾ ನಮ್ಮ ಚರ್ಚಿನ ಯುವಸಂಘದ ಅಧ್ಯಕ್ಷೆ. ಮೂಡುಬಿದಿರೆಯ ಒಂದು ಶಾಲೆಯಲ್ಲಿ ಟೀಚರ್. ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಮಕ್ಕಳ ಪೇಪರ್ ತಿದ್ದುವಷ್ಟು ಚುರುಕು. ಈ ವರ್ಷದ ಆರಂಭದಲ್ಲಿ ಅವಳ ಒತ್ತಾಯಕ್ಕೆ ನಾನು ಮೂಡುಬಿದಿರೆಯಲ್ಲಿ ನಡೆದ ಒಂದು ವಿಚಾರಗೋಷ್ಠಿಗೆ ಮಾತಾಡಲು ಹೋಗಿದ್ದೆ. ವಿಷಯ, ಯುವಜನರು ಚರ್ಚಿನಿಂದ ಯಾಕೆ ದೂರವಾಗುತ್ತಿದ್ದಾರೆ. ವೇದಿಕೆಯಲ್ಲಿ ಕೂತವರಲ್ಲಿ ಎಲ್ಲರಿಗಿಂತ ಸಣ್ಣವನು ನಾನು. ನನಗೆ ಮುಂದಿನ ವರ್ಷ ರಿಟೈರ್‌ಮೆಂಟ್.

ಮೊಬೈಲು, ಜೀನ್ಸು, ಸೀರಿಯಲ್ಲು, ಹೊರದೇಶ, ಹೀಗೆ ಯಾವುದೆಲ್ಲ ಯುವಜನರನ್ನು ಹಾಳು ಮಾಡಿದೆ ಎಂದು ಮಾತಾಡಿದ್ದೇ ಮಾತಾಡಿದ್ದು. ಊಟಕ್ಕೆ ಬಿಡುವ ಹೊತ್ತಿಗೆ ಹಿಂದಿನ ಸಾಲಿನಿಂದ ಡಿಯೋನಾ ಎದ್ದು ನಿಂತಳು. "ದೂರ ಹೋದವರಲ್ಲಿ ಯಾರಾದ್ರೂ ಇಲ್ಲಿ ಇದ್ದಾರಾ?" ಎಂದು ಕೇಳಿದಳು. ಯಾರೂ ಇರಲಿಲ್ಲ. ದೂರ ಹೋದವರು ಗೋಷ್ಠಿಗೆ ಬರುತ್ತಾರೆಯೇ?

ಅದೇ ಪ್ರಶ್ನೆಯನ್ನು ಅವಳು ನಮ್ಮ ಚರ್ಚಿನ ಪಾಲನಾ ಮಂಡಳಿಯ ಸಭೆಗೂ ತಂದಳು.

"ಈ ಸಲ ಕಾಲು ತೊಳೆಸಿಕೊಳ್ಳುವ ಹನ್ನೆರಡು ಮಂದಿಯನ್ನು ನಾವು ಯುವಸಂಘದವರು ಆರಿಸ್ತೇವೆ" ಎಂದಳು.

"ಯಾರನ್ನು ಆರಿಸ್ತೀರಿ?" ಎಂದರು ಲಿಗೋರಿ ಗುರ್ಕಾರರು.

"ಹೆಂಗಸರೂ ಬೇಕು. ಮತ್ತೆ, ಚರ್ಚಿಗೆ ಬಾರದವರು."

"ಬಾರದವರ ಕಾಲು ಮಾತ್ರ ಇಲ್ಲಿಗೆ ಹೇಗೆ ಬರ್ತದೆ ಮಾರಾಯ್ತಿ?"

ಎಲ್ಲರೂ ನಕ್ಕರು. ಲಿಗೋರಿಯವರು ಕೆಟ್ಟವರಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಹಾಜರಾಗುವವರು, ಹಬ್ಬ ಮುಗಿದ ಮೇಲೆ ಕುರ್ಚಿ ಮಡಿಸಿ ಒಳಗಿಡುವ ಕೊನೆಯ ವ್ಯಕ್ತಿ ಅವರೇ. ಆದರೆ ಅವರ ಪ್ರಕಾರ ಚರ್ಚು ಒಂದು ಮದುವೆಮನೆ. ಎಲ್ಲ ಸರಿಯಾಗಿ, ಶುಭ್ರವಾಗಿ, ಯಾರೂ ಬೆರಳು ತೋರಿಸದ ಹಾಗೆ ನಡೆಯಬೇಕು.

ನಮ್ಮ ಫಾದರ್ ಹೊಸಬರು, ನಲವತ್ತರ ಒಳಗಿನವರು. "ಹೆಂಗಸರ ಕಾಲು ತೊಳೆಯಲಿಕ್ಕೆ ರೋಮಿನಿಂದಲೇ ಒಪ್ಪಿಗೆ ಬಂದು ವರ್ಷಗಳಾಯಿತು. ನಾವೇ ತಡ. ಮಾಡುವ" ಎಂದರು. ಲಿಗೋರಿಯವರು ಫಾದರ್ ಮಾತಿಗೆ ಎದುರಾಡುವವರಲ್ಲ. ಆದರೆ ಒಂದು ಶರತ್ತು ಹಾಕಿದರು. "ಆಯ್ತು. ಹನ್ನೆರಡು ಕುರ್ಚಿಯೂ ತುಂಬಬೇಕು. ಒಂದು ಖಾಲಿ ಉಳಿದ್ರೂ ಊರಿಡೀ ನಗಾಡ್ತದೆ. ಹಾಗೇನಾದ್ರೂ ಆದ್ರೆ ಬರುವ ವರ್ಷ ಹಿಂದಿನ ಕ್ರಮವೇ."

ಡಿಯೋನಾ ಒಪ್ಪಿದಳು.

ಮರುದಿನ ನಮ್ಮ ಮನೆಗೆ ಬಂದು, "ಅಂಕಲ್, ಹನ್ನೆರಡರಲ್ಲಿ ನೀವೂ ಒಬ್ಬರು" ಎಂದಳು.

"ನಾನು ತಪ್ಪದೆ ಚರ್ಚಿಗೆ ಬರ್ತೇನಲ್ಲ?"

"ಬರ್ತೀರಿ. ಫಾದರ್ ಪ್ರಸಂಗ ಹೇಳ್ಲಿಕ್ಕೆ ಶುರು ಮಾಡಿದ ಕೂಡಲೇ ಹೊರಗೆ ಹೋಗಿ ಮರದಡಿಯಲ್ಲಿ ನಿಲ್ತೀರಿ. ಅರ್ಧ ಬಾರದವರ ಲೆಕ್ಕ."

ಒಳಗಿನಿಂದ ಲಿಲ್ಲಿ ನಕ್ಕದ್ದು ಕೇಳಿಸಿತು. ನಾನು ಒಪ್ಪಿಕೊಂಡೆ.

ಹನ್ನೊಂದು ಮಂದಿ ಹೇಗೋ ಸಿಕ್ಕಿದರು. ಹನ್ನೆರಡನೆಯ ಕುರ್ಚಿಗೆ ಡಿಯೋನಾಳ ಮನಸ್ಸಿನಲ್ಲಿ ಒಂದೇ ಹೆಸರು ಇದ್ದದ್ದು. ಜೋಯಲ್. ಇಬ್ಬರೂ ಸಣ್ಣವರಿದ್ದಾಗ ಆದಿತ್ಯವಾರದ ಧರ್ಮೋಪದೇಶದ ಕ್ಲಾಸಿನಲ್ಲಿ ಒಟ್ಟಿಗೆ ಕೂತವರು. ಈಗ ಅವನು ಜೆಸಿಬಿ ಆಪರೇಟರ್. ಎರಡು ವರ್ಷದಿಂದ ಚರ್ಚಿನ ಮೆಟ್ಟಿಲು ಹತ್ತಿಲ್ಲ. ಅವನ ತಾಯಿ ಹಿಲ್ಡಾ ಬಾಯಿ ಪ್ರತಿ ಆದಿತ್ಯವಾರ ನರಿಕೊಂಬಿನಿಂದ ಒಬ್ಬರೇ ಬಂದು ಹೆಂಗಸರ ಬದಿಯ ಎರಡನೆಯ ಬೆಂಚಿನಲ್ಲಿ ಕೂರುತ್ತಾರೆ. ಮಗ ಎಲ್ಲಿ ಎಂದು ಯಾರಾದರೂ ಕೇಳಿದರೆ, "ಕೆಲಸ" ಎಂದು ಹೇಳಿ ಬೇಗ ಬೇಗ ಮೆಟ್ಟಿಲಿಳಿಯುತ್ತಾರೆ. ಗಂಡ ಇಲ್ಲದ ಮನೆ. ಮಗನ ಬಗ್ಗೆ ಊರಿನ ಬಾಯಿಗೆ ಏನೂ ಸಿಗಬಾರದು ಎಂದು ಜೀವ ಬಿಗಿಹಿಡಿದುಕೊಂಡಿರುವ ಹೆಂಗಸು.

ಅವನು ಯಾಕೆ ಬರುವುದಿಲ್ಲ? ಯಾರಿಗೂ ಗೊತ್ತಿರಲಿಲ್ಲ. ಕುಡಿತ ಎಂದರು ಕೆಲವರು. ಬೇರೆ ಪಂಗಡದ ಪ್ರಾರ್ಥನೆಗೆ ಹೋಗುತ್ತಾನೆ ಎಂದರು ಇನ್ನು ಕೆಲವರು. ನನಗೆ ಕುತೂಹಲ ತಡೆಯಲಿಲ್ಲ. ಡಿಯೋನಾ ಅವನನ್ನು ಕೇಳಲು ಹೊರಟಾಗ, ಕಾರು ನಾನು ಬಿಡುತ್ತೇನೆ ಎಂದು ಹೊರಟೆ.

ಬೆಳ್ತಂಗಡಿಯಲ್ಲಿ ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಜೆಸಿಬಿಯ ನೆರಳಿನಲ್ಲಿ ಕೂತು ಜೋಯಲ್ ಬುತ್ತಿ ಊಟ ಮಾಡುತ್ತಿದ್ದ. ನಮ್ಮನ್ನು ನೋಡಿ ಗಾಬರಿಯಿಂದ ಎದ್ದ. "ಅಮ್ಮನಿಗೆ ಏನಾದ್ರೂ ಆಯ್ತಾ?"

ಏನೂ ಆಗಿಲ್ಲ ಎಂದು ಡಿಯೋನಾ ವಿಷಯ ಹೇಳಿದಳು. ಅವನು ತನ್ನ ಕಾಲನ್ನು ನೋಡಿಕೊಂಡ. ಮಣ್ಣು ಮೆತ್ತಿ ಚಪ್ಪಲಿ ಯಾವುದು, ಪಾದ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ.

"ಈ ಕಾಲಾ? ಚರ್ಚಿನ ಟೈಲ್ಸ್ ಹಾಳಾಗ್ತದೆ" ಎಂದ.

"ನೀನು ಯಾಕೆ ಬರುವುದು ಬಿಟ್ಟೆ?" ನಾನು ನೇರವಾಗಿಯೇ ಕೇಳಿದೆ. (ವಯಸ್ಸಾದ ಮೇಲೆ ಸಿಗುವ ಸೌಲಭ್ಯಗಳಲ್ಲಿ ಇದೂ ಒಂದು.)

ಅವನು ಬುತ್ತಿಯ ಮುಚ್ಚಳ ಹಾಕಿದ. "ಒಂದು ಶನಿವಾರ ರಾತ್ರಿ ಇಡೀ ಕೆಲಸ ಇತ್ತು ಅಂಕಲ್. ಬೆಳಿಗ್ಗೆ ಮನೆಗೆ ಹೋದ್ರೆ ನಿದ್ದೆ ಬರ್ತದೆ, ಪೂಜೆ ತಪ್ಪುತ್ತದೆ ಅಂತ ಸೀದಾ ಚರ್ಚಿಗೆ ಬಂದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕೊನೆಗೆ ಮೈಕಿನಲ್ಲಿ ಹೇಳಿದ್ರು, ದೇವರ ಮನೆಗೆ ಬರುವಾಗ ಶುಭ್ರವಾಗಿ, ಮರ್ಯಾದೆಯ ಬಟ್ಟೆ ಹಾಕಿ ಬರಬೇಕು ಅಂತ. ಎದುರಿನವರು ತಿರುಗಿ ನನ್ನನ್ನು ನೋಡಿದ್ರು. ಮತ್ತೆ ಬರ್ಲಿಕ್ಕೆ ಮನಸ್ಸಾಗ್ಲಿಲ್ಲ."

ನನಗೆ ಆ ಪ್ರಕಟಣೆ ನೆನಪಿತ್ತು. ಓದಿದ್ದು ಲಿಗೋರಿಯವರು. ಹೇಳಿದ್ದು ಹುಡುಗಿಯರ ಜೀನ್ಸ್ ಬಗ್ಗೆ. (ಅದಾದರೂ ಬೇಕಿತ್ತಾ ಎನ್ನುವುದು ಬೇರೆ ಪ್ರಶ್ನೆ.) ಜೀನ್ಸಿನ ಹುಡುಗಿಯರು ಮುಂದಿನ ವಾರವೂ ಜೀನ್ಸಿನಲ್ಲೇ ಬಂದರು. ತಾಗಿದ್ದು ರಾತ್ರಿಯಿಡೀ ದುಡಿದು, ನಿದ್ದೆಗೆಟ್ಟು ಬಂದವನಿಗೆ.

"ಮತ್ತೆ ಯಾರೂ ನಿನ್ನನ್ನು ಕೇಳ್ಲಿಲ್ಲವಾ?"

"ಅಮ್ಮನತ್ರ ಕೇಳ್ತಾರೆ. ನನ್ನತ್ರ ಯಾರೂ ಕೇಳ್ಲಿಲ್ಲ."

ನಾಚಿಕೆಯಾಯಿತು. ಎರಡು ವರ್ಷ ನಾವು ಅವನ ಬಗ್ಗೆ ಮಾತಾಡಿದೆವು, ಗೋಷ್ಠಿ ಮಾಡಿದೆವು, ಅವನಿಗಾಗಿ ಪ್ರಾರ್ಥನೆಯನ್ನೂ ಮಾಡಿರಬಹುದು. ಬಂಟ್ವಾಳದಿಂದ ಬೆಳ್ತಂಗಡಿಗೆ ಬಸ್ಸಿಗೇನು ಬರವೇ? ಯಾರೂ ಹತ್ತಿ ಹೋಗಿರಲಿಲ್ಲ.

"ಬರ್ತೀಯಾ?" ಎಂದು ಡಿಯೋನಾ ಕೊನೆಯ ಬಾರಿ ಕೇಳಿದಳು.

"ಗುರುವಾರ ಕೆಲಸ ಉಂಟು. ನೋಡುವ."

ನಮ್ಮ ಊರಿನ 'ನೋಡುವ'ಕ್ಕೆ ಎರಡು ಅರ್ಥವಲ್ಲ, ಇಪ್ಪತ್ತು ಅರ್ಥ ಉಂಟು. ವಾಪಸ್ ಬರುವಾಗ ಡಿಯೋನಾ ಕಿಟಕಿಯ ಹೊರಗೆ ನೋಡುತ್ತಾ ಕೂತಳು.

ಗುರುವಾರ ಸಂಜೆ. ಚರ್ಚು ಭರ್ತಿ. ಬಲಿಪೀಠದ ಎದುರು ಹನ್ನೆರಡು ಕುರ್ಚಿ. ನಮ್ಮ ಸಾಲಿನಲ್ಲಿ ಅಂಗನವಾಡಿ ಟೀಚರ್ ಇದ್ದರು, ಬಿ.ಸಿ. ರೋಡಿನ ಒಬ್ಬ ರಿಕ್ಷಾ ಡ್ರೈವರ್ ಇದ್ದ, ಡಿವೋರ್ಸ್ ಆದ ಮೇಲೆ ಚರ್ಚಿನ ಕಡೆ ತಲೆ ಹಾಕದ ಒಬ್ಬಳು ಹುಡುಗಿ ಇದ್ದಳು. ನಾನು ಹನ್ನೊಂದನೆಯವನು. ನನ್ನ ಪಕ್ಕದ ಕುರ್ಚಿ ಖಾಲಿ.

ಬೈಬಲಿನ ಶುಭಸಂದೇಶ ಓದಿದ್ದಾಯಿತು. ಪ್ರಸಂಗ ಶುರುವಾಯಿತು. (ಈ ಬಾರಿ ಹೊರಗೆ ಹೋಗುವಂತಿಲ್ಲ.) ಕಂಬಕ್ಕೆ ಒರಗಿ ನಿಂತ ಡಿಯೋನಾ ಬಾಗಿಲು ನೋಡುತ್ತಿದ್ದಳು. ಲಿಗೋರಿಯವರು ಕುರ್ಚಿ ನೋಡುತ್ತಿದ್ದರು. ಎರಡನೆಯ ಬೆಂಚಿನಲ್ಲಿ ಹಿಲ್ಡಾ ಬಾಯಿ ಏನನ್ನೂ ನೋಡದೆ, ತಲೆ ತಗ್ಗಿಸಿ ಜಪಮಾಲೆಯ ಮಣಿ ತಿರುಗಿಸುತ್ತಿದ್ದರು. ಒಂದು ಖಾಲಿ ಪ್ಲಾಸ್ಟಿಕ್ ಕುರ್ಚಿ ಇಷ್ಟು ಭಾರ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಗಾಳಿಗೆಂದು ಬದಿಯ ಬಾಗಿಲು ತೆರೆದಿತ್ತು. ನಾನು ಕೂತಲ್ಲಿಂದ ಅಂಗಳದ ಮೂಲೆಯ ನೀರಿನ ನಳ್ಳಿ ಕಾಣುತ್ತದೆ. ಪ್ರಸಂಗ ಮುಗಿಯುತ್ತಾ ಬಂದಾಗ ಒಂದು ಬೈಕು ಬಂದು ನಿಂತ ಸದ್ದು ಕೇಳಿಸಿತು. ನೋಡಿದರೆ ಜೋಯಲ್. ಎಲ್ಲಿಯೋ ಪೈಪು ಒಡೆದಿರಬೇಕು, ಮೊಣಕಾಲಿನವರೆಗೆ ಕೆಂಪು ಕೆಸರು. ಬಟ್ಟೆ ಬದಲಿಸಲೂ ಹೋಗದೆ ಕೆಲಸದಿಂದ ಸೀದಾ ಬಂದಿದ್ದ. ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕಾಲಿಟ್ಟ. ಅಷ್ಟರಲ್ಲಿ ಹಿಲ್ಡಾ ಬಾಯಿ ಬೆಂಚಿನಿಂದ ಎದ್ದು ಹೊರಗೆ ಓಡಿದರು.

ಮಗನನ್ನು ಕೈಹಿಡಿದು ಕರೆತರುತ್ತಾರೆ ಎಂದುಕೊಂಡೆ. ಕೈಯನ್ನೇನೋ ಹಿಡಿದರು. ಹಿಡಿದುಕೊಂಡು ನಳ್ಳಿಯ ಕಡೆಗೆ ಎಳೆದುಕೊಂಡು ಹೋದರು.

ಡಿಯೋನಾ ತಡೆಯಲೆಂದು ಬಾಗಿಲಿನವರೆಗೆ ಹೋದಳು, ಅಲ್ಲಿಯೇ ನಿಂತಳು.

ಜೋಯಲ್ ಬೇಡ ಬೇಡ ಎನ್ನುತ್ತಿದ್ದ. ಹಿಲ್ಡಾ ಬಾಯಿ ಕೇಳುವವರೇ? ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದರು. ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರು ಹಿಡಿದು, ಬಗ್ಗಿ, ಮಗನ ಕಾಲಿಗೆ ಹೊಯ್ದರು. ಕೈಯಿಂದ ತಿಕ್ಕಿದರು. ಬೆರಳುಗಳ ಸಂದಿಯ ಮಣ್ಣನ್ನು ಉಗುರಿನಿಂದ ಕೆರೆದು ತೆಗೆದರು. ಬಲಗಾಲು ಆಯಿತು. ಎಡಗಾಲನ್ನೂ ತೊಳೆದರು. ಸೆರಗಿನಿಂದ ಎರಡನ್ನೂ ಒರೆಸಿದರು. ಆಮೇಲೆ ಅವನನ್ನು ಒಳಗೆ ದೂಡಿ, ಒದ್ದೆ ಸೆರಗನ್ನು ಮರೆಮಾಚಿಕೊಂಡು ತಮ್ಮ ಬೆಂಚಿಗೆ ಬಂದು ಕೂತರು.

ಜೋಯಲ್ ನನ್ನ ಪಕ್ಕ ಕೂತ. ಹನ್ನೆರಡು ಕುರ್ಚಿ ತುಂಬಿತು. ಲಿಗೋರಿಯವರ ಮುಖ ಅರಳಿದ್ದನ್ನು ನಾನೇ ನೋಡಿದೆ. ನಿಜವಾಗಿಯೂ ಖುಷಿಪಟ್ಟಿದ್ದರು ಮನುಷ್ಯ.

ಫಾದರ್ ಟವೆಲ್ ಕಟ್ಟಿಕೊಂಡು ಒಬ್ಬೊಬ್ಬರ ಎದುರೂ ಮಂಡಿಯೂರಿದರು. ಸ್ವಲ್ಪ ನೀರು, ಸ್ವಲ್ಪ ಒರೆಸುವುದು, ಮುಂದಿನ ಕಾಲು. ನನ್ನ ಹೊಳೆಯುವ ಕಾಲು ಬಂತು, ಹೋಯಿತು. ಜೋಯಲ್‌ನ ಕಾಲೂ ಬಂತು, ಹೋಯಿತು. ಕೊನೆಗೆ ಬೇಸಿನ್ನಿನ ನೀರು ನೋಡಿದೆ. ತಳ ಕಾಣುವಷ್ಟು ತಿಳಿಯಾಗಿತ್ತು. ಬೇಕಾದರೆ ಕುಡಿಯಬಹುದಿತ್ತು.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಡಿಯೋನಾ ಸಿಕ್ಕಿದಳು. ಗೆದ್ದ ಮುಖ ಇರಲಿಲ್ಲ.

"ಹನ್ನೆರಡು ಜನರನ್ನು ಬದಲಾಯಿಸಿದೆವು ಅಂಕಲ್. ಕಾಲು ಅದೇ ಬಂತು" ಎಂದಳು.

ಹಿಲ್ಡಾ ಬಾಯಿ ಪಕ್ಕದಲ್ಲೇ ಇದ್ದರು. "ಮತ್ತೇನು ಮಾಡುವುದು? ಅಷ್ಟು ಕೆಸರನ್ನು ಫಾದರ್ ಕೈಗೆ ಕೊಡ್ಲಿಕ್ಕೆ ಆಗ್ತದಾ? ಮೊದಲೇ ಅವನ ಬಗ್ಗೆ ಮಾತುಂಟು" ಎಂದರು. ಹೇಳುತ್ತಾ ಒದ್ದೆ ಸೆರಗನ್ನು ಹಿಂಡಿದರು.

ಅವರದ್ದು ತಪ್ಪೇ? ನಾನು ಬಚ್ಚಲಿನಲ್ಲಿ ಕಲ್ಲು ಹಿಡಿದು ಕೂತದ್ದು ಯಾಕೆ? ನನ್ನ ಹಿಮ್ಮಡಿಯ ಬಿರುಕು ಫಾದರ್‌ಗೆ ಕಾಣಬಾರದು ಎಂದು. ಅಂಗನವಾಡಿ ಟೀಚರ್ ಹೊಸ ಚಪ್ಪಲಿ ಕೊಂಡಿದ್ದರು. ರಿಕ್ಷಾ ಡ್ರೈವರ್ ಮಧ್ಯಾಹ್ನದಿಂದ ಬಾಡಿಗೆಗೆ ಹೋಗಿರಲಿಲ್ಲ. ನಮಗೆಲ್ಲ ಇದನ್ನು ಯಾರು ಕಲಿಸಿದರು? ಯಾವ ಪಾದ್ರಿಯೂ ಕಾಲು ತೊಳೆದುಕೊಂಡು ಬನ್ನಿ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಆದರೂ ನಮಗೆಲ್ಲ ಅದು ಗೊತ್ತು.

ಯುವಜನರಿಗೂ ನಾವು ಬನ್ನಿ ಎಂದೇ ಹೇಳುತ್ತೇವೆ. ಬಾಗಿಲು ತೆರೆದೇ ಉಂಟು ಎನ್ನುತ್ತೇವೆ. ಆದರೆ ಕೆಸರನ್ನು, ಸಂಶಯವನ್ನು, ಮುರಿದ ಮದುವೆಯನ್ನು, ಆದಿತ್ಯವಾರದ ಡ್ಯೂಟಿಯನ್ನು ಹೊರಗಿನ ನಳ್ಳಿಯಲ್ಲಿ ತೊಳೆದುಕೊಂಡೇ ಬರಬೇಕು ಎಂದು ಅವರಿಗೆ ಹೇಗೋ ಗೊತ್ತಾಗಿಬಿಡುತ್ತದೆ. ತೊಳೆದುಕೊಳ್ಳಲಾಗದವರು ಮೆಟ್ಟಿಲಿನಿಂದಲೇ ವಾಪಸ್ ಹೋಗುತ್ತಾರೆ. ಆಮೇಲೆ ನಾವು ಮೂಡುಬಿದಿರೆಯಲ್ಲಿ ಗೋಷ್ಠಿ ಮಾಡುತ್ತೇವೆ. ಹಾಡಿಗೆ ಗಿಟಾರ್ ಇರಲಿ, ಪ್ರಸಂಗ ಗಿಡ್ಡ ಆಗಲಿ, ಸ್ಕ್ರೀನ್ ಹಾಕುವ ಎನ್ನುತ್ತೇವೆ. ಎಲ್ಲ ಬೇಕು. (ಪ್ರಸಂಗ ಗಿಡ್ಡವಾಗುವುದಕ್ಕೆ ನನ್ನ ಪೂರ್ಣ ಬೆಂಬಲ ಉಂಟು.) ಆದರೆ ಗಿಟಾರ್ ಬಂದ ಮಾತ್ರಕ್ಕೆ ಕೆಸರುಕಾಲಿನವನು ಒಳಗೆ ಬರುತ್ತಾನೆಯೇ?

ಈಸ್ಟರ್ ಕಳೆದ ಮರು ಆದಿತ್ಯವಾರ. ಪ್ರಸಂಗ ಶುರುವಾಯಿತು. ನಾನು ಹೊರಗೆ ಬಂದೆ. (ಮನುಷ್ಯ ಇಷ್ಟು ಬೇಗ ಬದಲಾಗುತ್ತಾನೆಯೇ?) ಮರದಡಿಯಲ್ಲಿ ಜೋಯಲ್ ನಿಂತಿದ್ದ. ಅರ್ಧ ಬಾರದವರ ಗುಂಪಿಗೆ ಒಬ್ಬ ಹೊಸ ಸದಸ್ಯ. ನನಗೆ ಅದೇ ದೊಡ್ಡ ಸಂತೋಷ.

"ಬರುವ ವರ್ಷವೂ ಕೂರ್ತೀಯಾ?" ಎಂದು ಕೇಳಿದೆ.

ಅವನು ನಳ್ಳಿಯ ಕಡೆ ನೋಡಿದ. "ಕುರ್ಚಿಯಲ್ಲಿ ಅಮ್ಮನನ್ನು ಕೂರಿಸ್ಲಿಕ್ಕೆ ಆಗ್ತದಾ ಅಂಕಲ್?"

"ಅದಕ್ಕೇನು? ಈಗ ಹೆಂಗಸರೂ ಕೂರಬಹುದಲ್ಲ."

"ಅದಲ್ಲ. ಅವರ ಕಾಲನ್ನು ನಾನು ತೊಳೀಬಹುದಾ? ಫಾದರ್ ಹತ್ರ ಒಮ್ಮೆ ಕೇಳಿ ನೋಡ್ತೀರಾ?"

ಇಷ್ಟು ವರ್ಷ ನಾವೆಲ್ಲ ಯೋಚಿಸಿದ್ದು ಹನ್ನೆರಡು ಕಾಲು ಯಾರದ್ದು ಎಂದು ಮಾತ್ರ. ತೊಳೆಯುವ ಕೈ ಯಾರದ್ದು ಎಂದು ಯಾರೂ ಕೇಳಿರಲಿಲ್ಲ. ಡಿಯೋನಾ ಕೂಡ.

ಪೂಜೆ ಮುಗಿದ ಮೇಲೆ ಫಾದರ್‌ಗೆ ಹೇಳಿದೆ. ಅವರು, "ಒಳ್ಳೆ ಯೋಚನೆ. ಮೇಲಿನವರನ್ನು ಕೇಳಿ ಹೇಳ್ತೇನೆ" ಎಂದರು. ಕುರ್ಚಿ ಜೋಡಿಸುತ್ತಿದ್ದ ಲಿಗೋರಿಯವರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಹತ್ತಿರ ಬಂದರು. "ನೀವು ಹೇಳುವುದು ಚಂದವೇ ಉಂಟು. ಆದ್ರೆ ಅದನ್ನೆಲ್ಲ ಕೇಳದೆ ಮಾಡ್ಲಿಕ್ಕೆ ಆಗುವುದಿಲ್ಲ ಮಾರಾಯ್ರೆ" ಎಂದರು.

ಇರಬಹುದು. ಆದರೆ ಆ ರಾತ್ರಿ ಊಟದ ನಡುವೆ ಎದ್ದು ಸೊಂಟಕ್ಕೆ ಟವೆಲ್ ಕಟ್ಟಿಕೊಂಡವನು ಯಾರನ್ನು ಕೇಳಿ ಎದ್ದಿದ್ದ?